ಮೆಡಿಕೇಡ್ ವಿಸ್ತರಣೆ: ಅಮೆರಿಕದ ರಾಜ್ಯಗಳಲ್ಲಿ ನಡೆದ ವಾಗ್ವಾದದ ಚರಿತ್ರೆ

ಮೆಡಿಕೇಡ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ, ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಸಮ್ಮುಖದಲ್ಲಿ ಇದರ ಕಾಯ್ದೆಗೆ ಸಹಿ ಹಾಕಿದರು. ಅದೇ ಕಾಯ್ದೆಯಿಂದ ಹುಟ್ಟಿದ ಮೆಡಿಕೇರ್ ವೃದ್ಧರಿಗೆ ಮೀಸಲಾಗಿತ್ತು. ಅದರ ಹಣವೂ ನಿಯಮವೂ ಒಕ್ಕೂಟ ಸರ್ಕಾರದವು. ಮೆಡಿಕೇಡ್ ಮಾತ್ರ ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳ ಜಂಟಿ ಯೋಜನೆ. ವೆಚ್ಚದಲ್ಲಿ ಕನಿಷ್ಠ ಅರ್ಧವನ್ನು ವಾಷಿಂಗ್ಟನ್ ಭರಿಸುತ್ತದೆ, ತಲಾ ಆದಾಯ ಕಡಿಮೆಯಿರುವ ರಾಜ್ಯಗಳಿಗೆ ಇನ್ನೂ ಹೆಚ್ಚು ಕೊಡುತ್ತದೆ. ಯೋಜನೆಗೆ ಸೇರುವುದು ರಾಜ್ಯಗಳ ಇಚ್ಛೆಗೆ ಬಿಟ್ಟದ್ದು. ಕೊನೆಯದಾಗಿ ಅರಿಜೋನಾ ಸೇರಿದ್ದು 1982ರಲ್ಲಿ. ಮುಂದಿನ ಅರ್ಧ ಶತಮಾನದ ವಿವಾದಗಳ ಬೇರು ಈ ಜಂಟಿ ಏರ್ಪಾಟಿನಲ್ಲೇ ಇದೆ.

ವರ್ಗಗಳ ಗೆರೆ

ಮೂಲ ಮೆಡಿಕೇಡ್‌ಗೆ ಅರ್ಹತೆ ಪಡೆಯಲು ಬಡತನವೊಂದೇ ಸಾಲುತ್ತಿರಲಿಲ್ಲ. ಯೋಜನೆಯು ಸರ್ಕಾರದ ನಗದು ನೆರವು ಪಡೆಯುವ ವರ್ಗಗಳಿಗೆ ತಳುಕು ಹಾಕಿಕೊಂಡಿತ್ತು. ಆದ್ದರಿಂದ ಮಕ್ಕಳು, ಅವರನ್ನು ಸಾಕುವ ತಂದೆತಾಯಿ, ವೃದ್ಧರು, ಅಂಧರು, ಅಂಗವಿಕಲರು ಅದರೊಳಗೆ ಬಂದರು. ಮಕ್ಕಳಿಲ್ಲದ, ದುಡಿಯುವ ವಯಸ್ಸಿನ ಬಡವರು ಎಷ್ಟೇ ಕಡುಬಡವರಾಗಿದ್ದರೂ ಬಹುತೇಕ ರಾಜ್ಯಗಳಲ್ಲಿ ಹೊರಗುಳಿದರು. ತಂದೆತಾಯಿಗಳ ಆದಾಯ ಮಿತಿಯನ್ನು ಆಯಾ ರಾಜ್ಯವೇ ಗೊತ್ತುಮಾಡುತ್ತಿತ್ತು. ಟೆಕ್ಸಸ್ ಮತ್ತು ಅಲಬಾಮಾಗಳಲ್ಲಿ ಈ ಮಿತಿ ಬಡತನ ರೇಖೆಯ ಐದನೇ ಒಂದು ಭಾಗಕ್ಕಿಂತಲೂ ಕೆಳಗಿದೆ. ನೆರವಿಗೆ ಯೋಗ್ಯರಾದ ಬಡವರು, ಯೋಗ್ಯರಲ್ಲದ ಬಡವರು ಎಂಬ ಹಳೆಯ ವಿಂಗಡಣೆ ಹೀಗೆ ಕಾಯ್ದೆಯ ಒಡಲಲ್ಲೇ ಉಳಿಯಿತು.

ಈ ಗೆರೆಯನ್ನು ದಾಟಲು ಕೆಲವು ರಾಜ್ಯಗಳು ತಾವಾಗಿಯೇ ಯತ್ನಿಸಿದವು. 1994ರಲ್ಲಿ ಟೆನೆಸ್ಸಿ ‘ಟೆನ್‌ಕೇರ್’ ಯೋಜನೆಯ ಮೂಲಕ ವಿಮೆಯಿಲ್ಲದವರನ್ನೂ ಸೇರಿಸಿಕೊಂಡಿತು. ಆದರೆ ಖರ್ಚಿನ ಹೊರೆ ತಾಳಲಾರದೆ 2005ರಲ್ಲಿ ಲಕ್ಷಕ್ಕೂ ಹೆಚ್ಚು ವಯಸ್ಕರನ್ನು ಕೈಬಿಟ್ಟಿತು. 2008ರಲ್ಲಿ ಒರೆಗಾನ್ ಕೆಲವೇ ಸ್ಥಾನಗಳನ್ನು ತೆರೆದಾಗ ಸುಮಾರು 90,000 ಮಂದಿ ಹೆಸರು ಬರೆಸಿದ್ದರಿಂದ ಚೀಟಿ ಎತ್ತಿ ಆರಿಸಬೇಕಾಯಿತು. ಮ್ಯಾಸಚೂಸೆಟ್ಸ್‌ನಲ್ಲಿ 2006ರಲ್ಲಿ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಮತ್ತು ಡೆಮಾಕ್ರಟಿಕ್ ಬಹುಮತದ ಶಾಸನಸಭೆ ಕೂಡಿ ವಿಮೆಯನ್ನು ಕಡ್ಡಾಯಗೊಳಿಸಿ, ಕಡಿಮೆ ಆದಾಯದವರಿಗೆ ಸಹಾಯಧನ ಒದಗಿಸುವ ಕಾಯ್ದೆ ತಂದವು. ಇದು ಮುಂದೆ ರಾಷ್ಟ್ರೀಯ ಕಾಯ್ದೆಗೆ ಮಾದರಿಯಾಯಿತು.

2010ರ ಕಾಯ್ದೆ, 2012ರ ತೀರ್ಪು

ಅಧ್ಯಕ್ಷ ಬರಾಕ್ ಒಬಾಮ 2010ರ ಮಾರ್ಚ್ 23ರಂದು ಸಹಿ ಹಾಕಿದ ಅಫೋರ್ಡಬಲ್ ಕೇರ್ ಆ್ಯಕ್ಟ್ ವರ್ಗಗಳ ಗೆರೆಯನ್ನು ಅಳಿಸಿತು. ಬಡತನ ರೇಖೆಯ ಶೇ. 138ರವರೆಗೆ ಆದಾಯವಿರುವ, 65 ವರ್ಷದೊಳಗಿನ ಎಲ್ಲ ವಯಸ್ಕರೂ 2014ರಿಂದ ಮೆಡಿಕೇಡ್‌ಗೆ ಅರ್ಹರು ಎಂದು ಅದು ವಿಧಿಸಿತು. ಹೊಸದಾಗಿ ಸೇರುವವರ ಪೂರ್ಣ ವೆಚ್ಚವನ್ನು ಮೊದಲ ಮೂರು ವರ್ಷ ಒಕ್ಕೂಟ ಸರ್ಕಾರವೇ ಭರಿಸಬೇಕಿತ್ತು. ಅನಂತರ ಅದರ ಪಾಲು ಹಂತಹಂತವಾಗಿ ಇಳಿದು 2020ರಿಂದ ಶೇ. 90ರಲ್ಲಿ ನಿಲ್ಲಬೇಕಿತ್ತು. ಒಪ್ಪದ ರಾಜ್ಯಕ್ಕೆ ಮೆಡಿಕೇಡ್‌ನ ಹಳೆಯ ಅನುದಾನವೂ ನಿಂತುಹೋಗುವ ಅಪಾಯವಿತ್ತು.

ಫ್ಲಾರಿಡಾ ಸೇರಿ 26 ರಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದವು. 2012ರ ಜೂನ್ 28ರಂದು ಸುಪ್ರೀಂ ಕೋರ್ಟ್ ಈ ಕಾಯ್ದೆಯಲ್ಲಿದ್ದ ವಿಮೆ ಕಡ್ಡಾಯವೆಂಬ ನಿಯಮವನ್ನು ತೆರಿಗೆಯೆಂದು ಪರಿಗಣಿಸಿ ಎತ್ತಿಹಿಡಿಯಿತು. ಆದರೆ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಸೇರಿ ಏಳು ನ್ಯಾಯಮೂರ್ತಿಗಳು ಮೆಡಿಕೇಡ್ ಷರತ್ತನ್ನು ರಾಜ್ಯಗಳ ಮೇಲಿನ ಬಲವಂತವೆಂದು ಕಂಡರು. ಸರಾಸರಿ ರಾಜ್ಯವೊಂದರ ಬಜೆಟ್ಟಿನ ಹತ್ತನೇ ಒಂದು ಭಾಗಕ್ಕೂ ಮಿಕ್ಕಿದ ಹಣವನ್ನು ಪಣಕ್ಕಿಟ್ಟು ಕೇಳಿದ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಾಗದು ಎಂಬುದು ಅವರ ನಿಲುವು. ಹಳೆಯ ಅನುದಾನಕ್ಕೆ ಕೈಹಾಕುವಂತಿಲ್ಲ ಎಂದಾದ ಮೇಲೆ ವಿಸ್ತರಣೆ ರಾಜ್ಯಗಳ ಆಯ್ಕೆಯಾಯಿತು.

ಈ ತೀರ್ಪಿನಿಂದ ಯಾರೂ ಉದ್ದೇಶಿಸದ ಒಂದು ಕಂದರ ಉಂಟಾಯಿತು. ಕಡುಬಡವರೆಲ್ಲ ಮೆಡಿಕೇಡ್‌ನಲ್ಲಿ ಇರುತ್ತಾರೆ ಎಂದು ನಂಬಿದ್ದ ಕಾಯ್ದೆ, ಖಾಸಗಿ ವಿಮೆಯ ಕಂತಿಗೆ ಸಹಾಯಧನವನ್ನು ಬಡತನ ರೇಖೆಯಿಂದ ಮೇಲಿನವರಿಗೆ ಮಾತ್ರ ಕೊಟ್ಟಿತ್ತು. ವಿಸ್ತರಣೆ ಒಪ್ಪದ ರಾಜ್ಯದಲ್ಲಿ ರೇಖೆಗಿಂತ ಮೇಲಿದ್ದವರಿಗೆ ಸಹಾಯಧನ ಸಿಕ್ಕಿತು, ಅದಕ್ಕಿಂತ ಬಡವರಾದವರಿಗೆ ಏನೂ ಸಿಗಲಿಲ್ಲ. ಇಂಥವರು ಲಕ್ಷಾಂತರ ಮಂದಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚು.

ವಾದ, ಪ್ರತಿವಾದ

ವಿರೋಧಿಗಳ ಮುಖ್ಯ ವಾದ ಹಣಕಾಸಿನದು. ಶೇ. 10ರ ಪಾಲೂ ಕೋಟ್ಯಂತರ ಡಾಲರುಗಳ ಹೊರೆ, ಸಾಲದಲ್ಲಿರುವ ಒಕ್ಕೂಟ ಸರ್ಕಾರ ಮುಂದೆ ಮಾತು ತಪ್ಪಿದರೆ ಆ ಹೊರೆ ರಾಜ್ಯದ ಹೆಗಲೇರುತ್ತದೆ ಎಂದು ಅವರು ಎಚ್ಚರಿಸಿದರು. ಮೆಡಿಕೇಡ್ ವೈದ್ಯರಿಗೆ ಕೊಡುವ ಶುಲ್ಕ ಕಡಿಮೆಯಾದ್ದರಿಂದ ಕಾರ್ಡು ಕೈಗೆ ಬಂದರೂ ವೈದ್ಯರು ಸಿಗುವುದಿಲ್ಲ ಎಂಬುದು ಇನ್ನೊಂದು ವಾದ. ದುಡಿಯಬಲ್ಲ ವಯಸ್ಕರಿಗೆ ಉಚಿತ ವಿಮೆ ಕೊಡುವುದು ಅಶಕ್ತರ ಪಾಲನ್ನು ಕಸಿದಂತೆ ಎಂಬ ನೈತಿಕ ಆಕ್ಷೇಪ ಎಲ್ಲಕ್ಕಿಂತ ಆಳವಾಗಿತ್ತು.

ಪರ ವಾದಕ್ಕೆ ಬಲ ತುಂಬಿದವು ಆಸ್ಪತ್ರೆಗಳು. 1986ರ ಒಕ್ಕೂಟ ಕಾಯ್ದೆಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಬಂದ ರೋಗಿಗೆ, ಹಣವಿರಲಿ ಇಲ್ಲದಿರಲಿ, ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ವಸೂಲಾಗದ ಆ ಬಿಲ್ಲುಗಳ ಭಾರದಲ್ಲಿ ಗ್ರಾಮೀಣ ಆಸ್ಪತ್ರೆಗಳು ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿದ್ದವು. ತಮ್ಮ ಜನ ಕಟ್ಟಿದ ಒಕ್ಕೂಟ ತೆರಿಗೆ ಬೇರೆ ರಾಜ್ಯದ ರೋಗಿಗಳಿಗೆ ಹೋಗುವುದೇಕೆ ಎಂಬ ಪ್ರಶ್ನೆಯನ್ನು ವ್ಯಾಪಾರಿ ಸಂಘಗಳೂ ಎತ್ತಿದವು.

ಗವರ್ನರುಗಳು ಮತ್ತು ಶಾಸನಸಭೆಗಳು

ವಾಗ್ವಾದ ಎಲ್ಲೆಡೆ ಪಕ್ಷದ ಗೆರೆಯಂತೆಯೇ ಸಾಗಲಿಲ್ಲ. ಒಬಾಮ ಅವರ ಕಟು ಟೀಕಾಕಾರರಾಗಿದ್ದ ಅರಿಜೋನಾದ ರಿಪಬ್ಲಿಕನ್ ಗವರ್ನರ್ ಜ್ಯಾನ್ ಬ್ರೂವರ್ 2013ರಲ್ಲಿ ಸ್ವಪಕ್ಷದ ಶಾಸಕರನ್ನು ಎದುರು ಹಾಕಿಕೊಂಡು ವಿಸ್ತರಣೆಗೆ ಅಂಗೀಕಾರ ಪಡೆದರು. ಓಹಾಯೋದ ಗವರ್ನರ್ ಜಾನ್ ಕೇಸಿಕ್ ಶಾಸನಸಭೆ ಒಪ್ಪದಿದ್ದಾಗ ವೆಚ್ಚಕ್ಕೆ ಅನುಮತಿ ನೀಡುವ ಪುಟ್ಟ ಮಂಡಳಿಯೊಂದರ ಮೂಲಕ ಹಣ ಬಿಡುಗಡೆ ಮಾಡಿಸಿದರು. ಅರ್ಕನ್ಸಾದ ಡೆಮಾಕ್ರಟಿಕ್ ಗವರ್ನರ್ ಮೈಕ್ ಬೀಬ್ ರಿಪಬ್ಲಿಕನ್ ಶಾಸಕರೊಡನೆ ಮಧ್ಯಮಾರ್ಗ ಕಂಡುಕೊಂಡರು. ಅಲ್ಲಿ ಮೆಡಿಕೇಡ್ ಹಣದಲ್ಲೇ ಬಡವರಿಗೆ ಖಾಸಗಿ ವಿಮೆ ಕೊಳ್ಳಲಾಯಿತು. ಇಂಡಿಯಾನಾದಲ್ಲಿ ಗವರ್ನರ್ ಮೈಕ್ ಪೆನ್ಸ್ 2015ರಲ್ಲಿ ಫಲಾನುಭವಿಗಳಿಂದ ಸಣ್ಣ ಮಾಸಿಕ ಕಂತು ಪಡೆಯುವ ಷರತ್ತಿನ ಮೇಲೆ ಒಪ್ಪಿದರು. ಅದೇ ವರ್ಷ ಟೆನೆಸ್ಸಿಯ ರಿಪಬ್ಲಿಕನ್ ಗವರ್ನರ್ ಬಿಲ್ ಹ್ಯಾಸ್ಲಮ್ ಮಂಡಿಸಿದ ಯೋಜನೆ ಅವರ ಪಕ್ಷದ ಶಾಸಕರಿಂದಲೇ ಬಿದ್ದುಹೋಯಿತು. ಕ್ಯಾನ್ಸಸ್‌ನಲ್ಲಿ 2017ರಲ್ಲಿ ಎರಡೂ ಸದನಗಳು ಒಪ್ಪಿದ ಮಸೂದೆಯನ್ನು ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ವಿಟೊ ಮಾಡಿದರು.

ಒಂದು ಚುನಾವಣೆ ಎಷ್ಟು ಬದಲಾವಣೆ ತರಬಲ್ಲದು ಎಂಬುದಕ್ಕೆ ಲೂಯಿಸಿಯಾನಾ ಸಾಕ್ಷಿ. ಭಾರತೀಯ ಮೂಲದ ಗವರ್ನರ್ ಬಾಬಿ ಜಿಂದಾಲ್ ಕೊನೆಯವರೆಗೂ ವಿಸ್ತರಣೆಯನ್ನು ತಿರಸ್ಕರಿಸಿದರು. 2016ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ಜಾನ್ ಬೆಲ್ ಎಡ್ವರ್ಡ್ಸ್ ಮರುದಿನವೇ ಆದೇಶ ಹೊರಡಿಸಿದರು. ಜುಲೈ 1ರಿಂದ ವಿಮೆ ಜಾರಿಗೆ ಬಂತು.

ಮತಪೆಟ್ಟಿಗೆಯ ಮಾರ್ಗ

ಶಾಸನಸಭೆಗಳು ಅಥವಾ ಗವರ್ನರುಗಳು ಮಣಿಯದ ಕಡೆ ಪ್ರಶ್ನೆ ನೇರವಾಗಿ ಮತದಾರರ ಮುಂದೆ ಬಂತು. ಇದಕ್ಕೆ ದಾರಿ ತೋರಿದ್ದು ಮೇನ್. ಗವರ್ನರ್ ಪಾಲ್ ಲೆಪಾಜ್ ಐದು ಬಾರಿ ವಿಟೊ ಚಲಾಯಿಸಿದ ಮೇಲೆ, 2017ರ ನವೆಂಬರಿನ ಜನಮತಗಣನೆಯಲ್ಲಿ ಜನ ವಿಸ್ತರಣೆಯನ್ನು ಅಂಗೀಕರಿಸಿದರು. ಆಗಲೂ ಲೆಪಾಜ್ ಅದನ್ನು ಜಾರಿಗೆ ತರಲಿಲ್ಲ. 2019ರ ಜನವರಿಯಲ್ಲಿ ಜಾನೆಟ್ ಮಿಲ್ಸ್ ಗವರ್ನರ್ ಆದ ಮೇಲಷ್ಟೇ ಆ ತೀರ್ಮಾನ ಕಾರ್ಯರೂಪಕ್ಕೆ ಬಂತು. 2018ರಲ್ಲಿ ಐಡಹೊ, ನೆಬ್ರಾಸ್ಕ, ಯೂಟಾ, 2020ರಲ್ಲಿ ಒಕ್ಲಹೋಮ ಮತ್ತು ಮಿಸೌರಿ, 2022ರಲ್ಲಿ ಸೌತ್ ಡಕೋಟ ಇದೇ ಹಾದಿ ಹಿಡಿದವು. ಇವೆಲ್ಲ ರಿಪಬ್ಲಿಕನ್ ಪಕ್ಷಕ್ಕೆ ಒಲಿದ ರಾಜ್ಯಗಳೇ. ಜನ ಪಕ್ಷಕ್ಕೆ ಮತ ಹಾಕಿದ್ದು ಒಂದು ಬಗೆ, ಪ್ರಶ್ನೆಗೆ ಮತ ಹಾಕಿದ್ದು ಇನ್ನೊಂದು ಬಗೆ.

ಮೆಡಿಕೇಡ್ ಹುಟ್ಟಿದ ನೆಲವಾದ ಮಿಸೌರಿಯಲ್ಲಿ ಯೋಜನೆಗೆ 55 ವರ್ಷ ತುಂಬಿದ ಐದನೆಯ ದಿನ, 2020ರ ಆಗಸ್ಟ್ 4ರಂದು, ಮತದಾರರು ವಿಸ್ತರಣೆಯನ್ನು ರಾಜ್ಯ ಸಂವಿಧಾನಕ್ಕೇ ಸೇರಿಸಿದರು. ಶಾಸನಸಭೆ ಹಣ ಒದಗಿಸಲು ನಿರಾಕರಿಸಿತು. 2021ರ ಜುಲೈನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಜನರ ತೀರ್ಮಾನವನ್ನು ಎತ್ತಿಹಿಡಿಯಿತು. ಟೆಕ್ಸಸ್, ಜಾರ್ಜಿಯಾ, ಅಲಬಾಮಾಗಳಲ್ಲಿ ನಾಗರಿಕರು ಅರ್ಜಿ ಸಲ್ಲಿಸಿ ಜನಮತಗಣನೆ ನಡೆಸುವ ಅವಕಾಶವೇ ಇಲ್ಲವಾದ್ದರಿಂದ ಈ ಮಾರ್ಗವೂ ಮುಚ್ಚಿದೆ. ಆದರೆ ನಾರ್ತ್ ಕ್ಯಾರೊಲಿನಾದಲ್ಲಿ ಶಾಸನಸಭೆಯೇ ಮನಸ್ಸು ಬದಲಿಸಿ 2023ರಲ್ಲಿ ಒಪ್ಪಿತು. ಅದರೊಂದಿಗೆ 40 ರಾಜ್ಯಗಳೂ ವಾಷಿಂಗ್ಟನ್ ಡಿ.ಸಿ.ಯೂ ವಿಸ್ತರಣೆಯ ಒಳಗೆ ಬಂದವು, 10 ರಾಜ್ಯಗಳು ಹೊರಗುಳಿದವು. ಹೊರಗುಳಿದವುಗಳಲ್ಲಿ ವಿಸ್ಕಾನ್ಸಿನ್ ಬಡತನ ರೇಖೆಯವರೆಗಿನ ವಯಸ್ಕರಿಗೆ ತನ್ನದೇ ಏರ್ಪಾಟಿನಲ್ಲಿ ಮೆಡಿಕೇಡ್ ಕೊಡುತ್ತದೆ.

ಫಲಿತಾಂಶದ ಅಳತೆ

ಒರೆಗಾನ್‌ನ ಚೀಟಿ ಎತ್ತುವಿಕೆ ಸಂಶೋಧಕರಿಗೆ ಅಪರೂಪದ ಪ್ರಯೋಗವಾಗಿ ಒದಗಿತು. ವಿಮೆ ಪಡೆದವರಲ್ಲಿ ಚಿಕಿತ್ಸೆಯ ಸಾಲ ತಗ್ಗಿತು, ಖಿನ್ನತೆ ಇಳಿಯಿತು. ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಎರಡು ವರ್ಷಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡೂ ಪಕ್ಷಗಳು ಇದೇ ಅಧ್ಯಯನವನ್ನು ತಮ್ಮ ತಮ್ಮ ವಾದಕ್ಕೆ ಬಳಸಿಕೊಂಡವು. ವಿಸ್ತರಿಸಿದ ಮತ್ತು ವಿಸ್ತರಿಸದ ರಾಜ್ಯಗಳನ್ನು ಹೋಲಿಸಿದ ಅನಂತರದ ಅಧ್ಯಯನಗಳು 55ರಿಂದ 64 ವಯಸ್ಸಿನ ಬಡವರಲ್ಲಿ ಸಾವಿನ ಪ್ರಮಾಣ ಇಳಿದುದನ್ನು ತೋರಿಸಿದವು.

ಮರಳಿದ ಗೆರೆ

2018ರಲ್ಲಿ ಅರ್ಕನ್ಸಾ, ವಿಸ್ತರಣೆಯ ಫಲಾನುಭವಿಗಳು ತಿಂಗಳಿಗೆ 80 ಗಂಟೆ ದುಡಿದ ಲೆಕ್ಕ ಒಪ್ಪಿಸಬೇಕೆಂಬ ಷರತ್ತು ಹಾಕಿತು. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಮಂದಿ ವಿಮೆ ಕಳೆದುಕೊಂಡರು. ಅವರಲ್ಲಿ ಅನೇಕರು ದುಡಿಯುತ್ತಿದ್ದರೂ ಲೆಕ್ಕ ಸಲ್ಲಿಸುವ ಕ್ರಮದಲ್ಲಿ ಸೋತವರು. 2019ರ ಮಾರ್ಚ್‌ನಲ್ಲಿ ಒಕ್ಕೂಟ ನ್ಯಾಯಾಲಯ ಅದನ್ನು ತಡೆಯಿತು. 2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾಯ್ದೆ ಅಂಥದೇ ಷರತ್ತನ್ನು, ಕೆಲವು ವಿನಾಯಿತಿಗಳೊಡನೆ, ವಿಸ್ತರಣೆಯ ಫಲಾನುಭವಿಗಳಿಗೆ ದೇಶಮಟ್ಟದಲ್ಲಿ ವಿಧಿಸಿತು. 2027ರ ಆರಂಭದೊಳಗೆ ರಾಜ್ಯಗಳು ಅದನ್ನು ಜಾರಿಗೊಳಿಸಬೇಕು. ಈ ಫಲಾನುಭವಿಗಳ ಅರ್ಹತೆಯನ್ನು ಆರು ತಿಂಗಳಿಗೊಮ್ಮೆ ಮರುಪರಿಶೀಲಿಸಬೇಕೆಂದೂ ಅದು ಹೇಳುತ್ತದೆ.

ಹೀಗೆ 1965ರಲ್ಲಿ ಎಳೆದ ಗೆರೆ 2010ರಲ್ಲಿ ಅಳಿಸಿಹೋಗಿ, ಈಗ ದುಡಿಮೆಯ ಪುರಾವೆಯ ರೂಪದಲ್ಲಿ ಮರಳಿದೆ. ರಾಜ್ಯಗಳ ಚರ್ಚೆ ಹೊರನೋಟಕ್ಕೆ ಶೇ. 10ರ ಪಾಲಿನ ಲೆಕ್ಕಾಚಾರವಾಗಿ ಕಂಡರೂ, ಒಳಗೆ ಉದ್ದಕ್ಕೂ ಹರಿದದ್ದು ಬಡವರಲ್ಲಿ ಯಾರು ನೆರವಿಗೆ ಯೋಗ್ಯರು ಎಂಬ ಪ್ರಶ್ನೆ. ಕಾಯಿಲೆ ಬಿದ್ದವರಿಗೆ ಬಡತನವೊಂದೇ ಸಾಕಾದ ಅರ್ಹತೆ ಎಂದು ಕಾಯ್ದೆ ಹೇಳಿದ್ದು ಒಮ್ಮೆ ಮಾತ್ರ. ಆ ಮಾತನ್ನು ನಡೆಸಿಕೊಡುವ ಹೊಣೆ ಮಾತ್ರ ಒಂದೊಂದು ರಾಜ್ಯದ ಪಾಲಿಗೆ ಬಂದಿತು.