ಬಸ್ಸಿನ ಬಾನೆಟ್ಟೂ ನಮ್ಮ ಒಲಿನೂ

ಏಪ್ರಿಲ್ ತಿಂಗಳು ಬಂತಂದ್ರ ನಮ್ಮ ಓಣಿಯ ಹೆಣ್ಣಮಕ್ಕಳ ಬಾಯಾಗ ಎರಡ ಮಾತು. ಒಂದು, ಸಂಡಗಿ ಹಾಕೋದು ಮುಗೀತೇನು ಅನ್ನೋದು. ಇನ್ನೊಂದು, ಬಸ್ಸಿನ ಗೋಳು. ಬಸ್ಸು ಬರಲಿಲ್ಲ, ಬಂದದ್ದು ನಿಂದ್ರಲಿಲ್ಲ, ನಿಂತದ್ದು ಹತ್ತಿದ ಮ್ಯಾಲ ಮುಂದ ಹೋಗ್ಲಿಲ್ಲ! ಬಿಸಲಾಗ ಎಲ್ಲಾರನ್ನೂ ಇಳಿಸಿ, ಹಿಂದಿನ ಬಸ್ಸಿಗೆ ಬರ್ರಿ ಅಂತ ಹೇಳಿದ್ರು. ಹಿಂದಿನ ಬಸ್ಸು ಮೊದಲ ತುಂಬಿ ಬಂದಿತ್ತು. ಈ ಕತಿ ನಿಮಗೆಲ್ಲಾ ಗೊತ್ತಿದ್ದದ್ದ.

ಹಿಂಗಾದಾಗ ನಾವು ಬೈಯೋದು ಡ್ರೈವರ್‌ನ, ಇಲ್ಲಾ ಕಂಡಕ್ಟರ್‌ನ. ಪಾಪ, ಅವರೂ ನಮ್ಮ ಜೋಡಿನ ಬೆವರು ಒರಸಿಕೋತ ಇರ್ತಾರ. ಬಸ್ಸಿನ್ಯಾಗ ಈ ಧಗಿ ಎಲ್ಲಿಂದ ಬಂತು, ಅದು ಹೆಣ್ಣಮಕ್ಕಳಿಗೇ ಯಾಕ ಹೆಚ್ಚು ತಟ್ಟತದ ಅನ್ನೋದಕ್ಕ ಒಂದು ಇತಿಹಾಸನ ಅದ. ಅದನ್ನ ಇವತ್ತ ಬರೀತೇನಿ, ಓದ್ರಿ.

ನಮ್ಮ ಅತ್ತಿಯವರು ಸಣ್ಣವರಿದ್ದಾಗ ಕಂಡ ಬಸ್ಸಿಗೆ ಮೂತಿ ಇತ್ತಂತ. ಈಗಿನ ಹಳೇ ಲಾರಿಗಿದ್ದಂಗ ಎಂಜಿನ್ನು ಡ್ರೈವರ್‌ನ ಮುಂದ, ಹೊರಗ, ಉದ್ದನ್ನ ಬಾನೆಟ್ಟಿನ ಕೆಳಗ. ಅದಕ್ಕಿಂತಾ ಹಿಂದ, ಎರಡನೇ ಮಹಾಯುದ್ಧದ ಕಾಲಕ್ಕ, ಪೆಟ್ರೋಲ್ ಸಿಗದಂಗಾಗಿ ಇದ್ದಲಿ ಸುಟ್ಟು ಅದರ ಗ್ಯಾಸಿನ ಮ್ಯಾಲ ಬಸ್ಸು ಓಡಿಸ್ತಿದ್ರು. ನಮ್ಮ ಬಚ್ಚಲದ ಬಂಬಿನಂಥಾದ್ದೊಂದು ದೊಡ್ಡ ಕಬ್ಬಿಣದ ಒಲಿ ಬಸ್ಸಿಗೆ ಕಟ್ಟಿರತಿತ್ತು. ಹೊಂಡೂಕಿಂತಾ ಮೊದಲ ಅದಕ್ಕ ಇದ್ದಲಿ ತುಂಬಬೇಕು, ಗಾಳಿ ಹಾಕಬೇಕು, ಉರಿ ಹಿಡಿಯೋತನಕ ಕಾಯಬೇಕು. ಏರು ಬಂತಂದ್ರ ಉಸರು ಕಟ್ಟಿ ನಿಂದರತಿತ್ತು. ಮಂದಿ ಇಳದು ನೂಕತಿದ್ರು. ಅಂದ್ರ ಬಸ್ಸು ನೂಕೋ ಸಂಪ್ರದಾಯ ನಮ್ಮ ಕಾಲಕ್ಕ ಶುರುವಾದದ್ದಲ್ಲ ಬಿಡ್ರಿ. ಆದ್ರ ಆಗ ಒಲಿ ಒಲಿ ಇರೋ ಜಾಗಾದಾಗ ಇತ್ತು. ಮಂದಿ ಕೂಡೋ ಜಾಗಾದಾಗ ಬಂದಿರಲಿಲ್ಲ.

ಆಗ ನಮ್ಮ ಧಾರವಾಡ ಜಿಲ್ಲಾ ಮುಂಬಯಿ ಪ್ರಾಂತದಾಗಿತ್ತು. ಮುಂಬಯಿ ಸರಕಾರ 1948ರ ಜೂನ್‌ದಾಗ ತನ್ನ ಎಸ್.ಟಿ. ಬಸ್ಸು ಶುರು ಮಾಡ್ತು. ಆ ಕಡೆ ಮೈಸೂರು ಸರಕಾರನೂ ಅದೇ ವರ್ಷ ಸೆಪ್ಟೆಂಬರ್ 12ಕ್ಕ 120 ಬಸ್ಸು ಇಟಗೊಂಡು ಸಾರಿಗೆ ಇಲಾಖೆ ಶುರು ಮಾಡ್ತು. 1956ಕ್ಕ ನಾವು ಮೈಸೂರು ರಾಜ್ಯಕ್ಕ ಸೇರಿದ್ವಿ. 1961ರ ಆಗಸ್ಟ್ 1ಕ್ಕ ಇಲಾಖೆ ಹೋಗಿ ನಿಗಮ ಆತು. ರಾಜ್ಯಕ್ಕ ಕರ್ನಾಟಕ ಅಂತ ಹೆಸರಾದ ಮ್ಯಾಲ ನಿಗಮದ ಹೆಸರೂ ಬದಲಾತು. 1997ರ ನವೆಂಬರ್ 1ಕ್ಕ ನಮ್ಮ ಭಾಗಕ್ಕ ಹುಬ್ಬಳ್ಳಿಯೊಳಗ ಬ್ಯಾರೇನ ನಿಗಮ ಬಂತು. ಹೆಸರು ಎಷ್ಟ ಬದಲಾದ್ರೂ ನಮ್ಮ ಮನಿಯ ಹಿರೇರ ಬಾಯಾಗ ಅದು ಎಸ್.ಟಿ.ನ.

ಈ ಹೆಸರು ಬದಲಾಗೋ ನಡುವ ಬಸ್ಸಿನ ರೂಪನೂ ಬದಲಾತು. ಸ್ವಾತಂತ್ರ್ಯ ಬಂದ ಮ್ಯಾಲ ನಮ್ಮ ದೇಶದಾಗ ದೊಡ್ಡ ಗಾಡಿ ಮಾಡೋ ಕಾರಖಾನಿ ಎದ್ದ್ವು. 1954ಕ್ಕ ಟಾಟಾದವರು ಜರ್ಮನಿಯ ಬೆಂಜ್ ಕಂಪನಿ ಜೋಡಿ ಕೂಡಿ ಲಾರಿ ಮಾಡ್ಲಿಕ್ಕೆ ಶುರು ಮಾಡಿದ್ರು. ಮದ್ರಾಸಿನ ಅಶೋಕ್ ಮೋಟರ್ಸ್ 1955ಕ್ಕ ಅಶೋಕ್ ಲೇಲ್ಯಾಂಡ್ ಆತು. ಇವರು ಮಾಡತಿದ್ದದ್ದು ಮುಖ್ಯವಾಗಿ ಲಾರಿಯ ಚಾಸಿ. ಚಾಸಿ ಅಂದ್ರ ಎಂಜಿನ್ನು, ಗಾಲಿ, ಸ್ಟೇರಿಂಗು ಇರೋ ಬರೇ ಅಸ್ಥಿಪಂಜರ. ಅಂಥಾದ್ದರ ಮ್ಯಾಲ ತಗಡು, ಸೀಟು, ಕಿಡಕಿ ಕೂಡಿಸಿದ್ರ ಬಸ್ಸಾಗ್ತಿತ್ತು. ನಮ್ಮ ಹುಬ್ಬಳ್ಳಿಯ ವರ್ಕ್‌ಶಾಪಿನ್ಯಾಗನೂ ಹಂಗ ಬಾಡಿ ಕಟ್ಟಿ ರಸ್ತೆಗೆ ಬಿಟ್ಟಾರ. ಅಂದ್ರ ನಾವು ಬಸ್ಸು ಅಂತ ಹತ್ತಿದ್ದು ಒಳಗಿಂದ ಲಾರಿನ. ಸಾಮಾನು ಹೊರೂ ಗಾಡಿಗೆ ಮನಷ್ಯಾರನ್ನ ಕೂಡಿಸಿದ್ದು. ಹತ್ತೋ ಮೆಟ್ಟಲಾ ಅಷ್ಟ ಎತ್ತರ ಯಾಕಂದ್ರ ಇದಕ್ಕ. ಸೀರಿ ನಿರಗಿ ಎತ್ತಿ ಹಿಡದು, ಕೂಸಿನ್ನ ಬಗಲಾಗ ಇಟಗೊಂಡು ಹತ್ತಿದವರಿಗೆ ಆ ಮೆಟ್ಟಲಾ ಎಷ್ಟ ಎತ್ತರಂತ ಕೇಳ್ರಿ.

ಮೂತಿ ಇದ್ದ ಬಸ್ಸಿನ್ಯಾಗ ಒಂದು ತ್ರಾಸು ಇತ್ತು. ಬಸ್ಸು ಇಷ್ಟ ಉದ್ದ ಇರಬೇಕು ಅಂತ ಕಾಯಿದೆ ಅದ. ಮೂತಿಗೇ ಒಂದಿಷ್ಟು ಉದ್ದ ಹೋದ್ರ ಸೀಟು ಕಡಿಮಿ ಆಗ್ತಾವ. ಅದಕ್ಕ ಮೂತಿ ಕೊಯ್ದ್ರು. ಡ್ರೈವರ್‌ನ್ನ ಮುಂದ ತಂದು ಎಂಜಿನ್ನಿನ ಬಾಜೂಕ ಕೂಡಿಸಿದ್ರು. ಸೀಟು ಹೆಚ್ಚಾದ್ವು. ಮಂದಿ ಹೆಚ್ಚು ಹಿಡಿಸಿದ್ರು. ರೊಕ್ಕದ ಲೆಕ್ಕಾ ಬರೋಬ್ಬರಿ ಆತು. ಆದ್ರ ಅಂಗಳದಾಗಿದ್ದ ಒಲಿ ನಡುಮನಿಯೊಳಗ ಬಂತು.

ಬಂತು ಖರೆ, ಯಾರ ಬಾಜೂಕ ಬಂತು? ಹೆಣ್ಣಮಕ್ಕಳ ಸೀಟು ಮುಂದ. ಗಂಡಸರು ಹಿಂದ. ಇದು ಮರ್ಯಾದಿಗೆ, ಸುರಕ್ಷಿತಕ್ಕ ಮಾಡಿದ್ದು. ಒಳ್ಳೇದ ಮಾಡಿದ್ರು, ನಾನು ಬ್ಯಾಡ ಅನ್ನಂಗಿಲ್ಲ. ಡ್ರೈವರ್‌ನ ಕಣ್ಣ ಮುಂದ ಇದ್ರ ಧೈರ್ಯ ಇರ್ತದ. ಆದ್ರ ಸೀಟು ಮುಂದ ಇಟ್ಟವರೂ, ಎಂಜಿನ್ನು ಒಳಗ ತಂದವರೂ ಒಬ್ಬರನ್ನೊಬ್ಬರು ಕೇಳಿದಂಗ ಕಾಣೂದಿಲ್ಲ. ಎರಡೂ ಕೂಡಿ ಆದದ್ದೇನು ಅಂದ್ರ, ಮನಿಯೊಳಗ ಒಲಿ ಮುಂದ ಕೂತು ಎದ್ದು ಬಂದಾಕಿ ಬಸ್ಸಿನ್ಯಾಗ ಮತ್ತ ಒಲಿ ಮುಂದನ ಕೂತಳು.

ನಾನು ಪಿಯುಸಿ ಓದುವಾಗ ನಾವು ಹುಡುಗ್ಯಾರು ಸೀಟು ಸಿಗದಿದ್ರ ಬಾನೆಟ್ ಮ್ಯಾಲ ಕೂಡತಿದ್ವಿ. ರೆಗ್ಜಿನ್ ಹೊದಿಸಿದ ದಪ್ಪ ಮುಚ್ಚಳ ಅದು. ಥಂಡಿ ದಿವಸದಾಗ ಅದರಂಥಾ ಸುಖದ ಜಾಗಾ ಇನ್ನೊಂದಿಲ್ಲ, ಜಗಳಾಡಿ ಕೂಡತಿದ್ವಿ. ಶಿವರಾತ್ರಿ ಆತಂದ್ರ ಅದರ ಬಾಜೂಕ ನಿಂದರಲಿಕ್ಕೂ ಒಲ್ಲೆ ಅನಸ್ತಿತ್ತು. ಪುಸ್ತಕ ಕೆಳಗಿಟ್ಟು ಕೂತ್ರೂ ಪುಸ್ತಕದ ರಟ್ಟು ಬಿಸಿ ಆಗತಿತ್ತು. ಕಾಲಿಗೆ ಡೀಸೆಲ್ ವಾಸನಿಯ ಬಿಸಿ ಗಾಳಿ ಬಡೀತಿತ್ತು. ಬಸರಿ ಹೆಂಗಸರು ಸೆರಗು ಮೂಗಿಗೆ ಹಿಡಕೊಂಡು ಕೂಡತಿದ್ರು. ಲಿಂಬಿಹಣ್ಣು ಮೂಸಕೋತ ಹೋಗೋ ಪದ್ಧತಿ ನಮ್ಮವರಿಗೆ ಸುಮ್ಮನ ಬಂದದ್ದಲ್ಲ.

ಇನ್ನ ಬ್ಯಾಸಗ್ಯಾಗ ಹಳೇ ಬಸ್ಸು ಯಾಕ ಕೈ ಕೊಡ್ತದ ಅನ್ನೋದು. ಇದನ್ನ ತಿಳಕೊಳ್ಳಲಿಕ್ಕೆ ನಮಗ ಎಂಜಿನಿಯರಿಂಗ್ ಬ್ಯಾಡ, ಕುಕ್ಕರು ಗೊತ್ತಿದ್ರ ಸಾಕು. ಎಂಜಿನ್ನಿನ ಸುತ್ತ ನೀರು ಹರೀತದ. ಆ ನೀರು ಎಂಜಿನ್ನಿನ ಶಾಖ ತಗೊಂಡು ಮುಂದಿನ ರೇಡಿಯೇಟರ್‌ಗೆ ಬರ್ತದ. ಅಲ್ಲೆ ಸಣ್ಣ ಸಣ್ಣ ನಳಿಗಿ ಇರ್ತಾವ, ಫ್ಯಾನಿನ ಗಾಳಿಗೆ ನೀರು ಆರಿ ಮತ್ತ ಒಳಗ ಹೋಗ್ತದ. ರೇಡಿಯೇಟರ್‌ನ ಮುಚ್ಚಳ ಬಿಗಿ ಇರ್ತದ. ಕುಕ್ಕರಿನಂಗ ಒಳಗ ಪ್ರೆಶರ್ ಇದ್ರ ನೀರು 100 ಡಿಗ್ರಿಗೆ ಕುದಿಯಂಗಿಲ್ಲ, ಇನ್ನೂ ಹೆಚ್ಚು ಶಾಖ ತಡೀತದ.

ಹಳೇದಾದಂಗ ಏನಾಗ್ತದ? ಬೋರಿನ ನೀರು ಕಾಸಿ ಕಾಸಿ ನಮ್ಮ ಹಂಡೇದ ತಳಕ್ಕ ಬೆಳ್ಳಗ ಸುಣ್ಣ ಕೂತಿರ್ತದಲ್ಲಾ, ಹಂಗ ಆ ನಳಿಗಿಯೊಳಗ ಪದರು ಕೂಡತದ. ನೀರು ಹರಿಯೋ ದಾರಿ ಸಣ್ಣದಾಗ್ತದ. ಮುಚ್ಚಳದ ರಬ್ಬರು ಕುಕ್ಕರಿನ ಗ್ಯಾಸ್ಕೆಟ್ಟಿನಂಗ ಸಡ್ಲಾಗ್ತದ, ಪ್ರೆಶರ್ ನಿಂದರಂಗಿಲ್ಲ. ಫ್ಯಾನಿನ ಬೆಲ್ಟು ಸಡ್ಲಾಗ್ತದ. ರಬ್ಬರ್ ಪೈಪು ಸೀಳತಾವ. ಥಂಡ್ಯಾಗ ಇವೆಲ್ಲಾ ಹೆಂಗರ ನಡೀತಾವ. ಹೊರಗ 38 ಡಿಗ್ರಿ ಬಿಸಲು, ಒಳಗ ನೂರು ಮಂದಿ, ಮುಂದ ಏರು ಅಂದ್ರ ಸೋತು ಬಿಡತಾವ. ಕುದಿಯೋ ನೀರು ಹಬಿಯಾಗಿ ಮುಂದಿಂದ ಬುಸ್ ಅಂತ ಎದ್ದು ಬರ್ತದ. ಆಗ ಡ್ರೈವರ್ ಲಗೂ ಮುಚ್ಚಳ ತಗಿಯಂಗಿಲ್ಲ, ತಗದ್ರ ಸಿಳ್ಳಿ ಹೊಡಿಯೋ ಕುಕ್ಕರ್ ತಗದಂಗ, ಮುಖ ಕೈ ಸುಟ್ಟು ಹೋಗ್ತಾವ. ಅದಕ್ಕ ಅವರು ಅರ್ಧಾ ತಾಸು ಕಾಯೋದು. ನಾವು ಅವರಿಗೆ ಆಲಸಿ ಅಂತ ಬೈತೀವಿ.

ಇನ್ನೊಂದು ಮಾತು. ಒಂದು ಬಸ್ಸು ದಿನಕ್ಕ 300 ಕಿಲೋಮೀಟರ್ ಓಡಿದ್ರ ವರ್ಷಕ್ಕ ಲಕ್ಷ ಕಿಲೋಮೀಟರ್ ಆಗ್ತದ. ಅಂದ್ರ ಭೂಮಿ ಸುತ್ತ ಎರಡೂವರಿ ಪ್ರದಕ್ಷಿಣಿ. ಹತ್ತ ವರ್ಷಕ್ಕ ಇಪ್ಪತ್ತೈದು. ಈಗ ಕೇಂದ್ರದ ನಿಯಮ ಬಂದದ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ಗಾಡಿ, ಸಾರಿಗೆ ಬಸ್ಸೂ ಸೇರಿ, ರಸ್ತೆ ಮ್ಯಾಲ ಓಡಿಸಂಗಿಲ್ಲ. ಛಲೋ ನಿಯಮ. ಆದ್ರ ಹದಿನಾಲ್ಕು ವರ್ಷದ್ದು ಓಡಿಸಬಹುದು, ಹೌದಿಲ್ಲೋ?

ಆ ಮುದಿ ಬಸ್ಸು ಯಾವ ದಾರಿಗೆ ಬರ್ತದ ಅನ್ನೋದೂ ನೋಡ್ರಿ. ನಮ್ಮ ಸೀರಿ ಲೆಕ್ಕನ ಅದು. ಹೊಸಾ ಸೀರಿ ಮದವಿಗೆ, ಮುಂಜವಿಗೆ. ಒಂದೆರಡು ವರ್ಷಕ್ಕ ಪ್ಯಾಟಿಗೆ ಉಡೋದು. ಆಮ್ಯಾಲ ಮನಿಯೊಳಗ. ಕಡೀಕ ಕೌದಿ. ಹೊಸಾ ಬಸ್ಸು ಬೆಂಗಳೂರಿಗೆ, ದೂರದ ಊರಿಗೆ. ಹಳೇದಾದಂಗ ಹತ್ತರದ ಊರಿಗೆ, ಹಳ್ಳಿಗೆ. ಕೆಲಗೇರಿ, ಅಮ್ಮಿನಭಾವಿ, ಹೆಬ್ಬಳ್ಳಿ ಕಡಿಂದ ಮಸರು, ಕಾಯಿಪಲ್ಲೆ ಬುಟ್ಟಿ ತರೋ ಹೆಣ್ಣಮಕ್ಕಳು, ಮನಿಗೆಲಸಕ್ಕ ಬರೋವರು, ದವಾಖಾನಿಯೊಳಗ ಪಾಳಿ ಮಾಡೋ ಆಯಾಗಳು ಹತ್ತೋದು ಇಂಥಾ ಊರಂಚಿನ ಬಸ್ಸು. ಕೌದಿ ಹೊದ್ದು ಮಲಗಬಹುದು, ಕೌದಿ ಉಟಗೊಂಡು ದಿನಾ ಕೆಲಸಕ್ಕ ಹೋಗ್ಲಿಕ್ಕೆ ಆಗ್ತದೇನು? ಬಸ್ಸು ಒಂದು ತಾಸು ತಡಾ ಆದ್ರ ಆಫೀಸಿನ ಸಾಹೇಬರಿಗೆ ಒಂದು ಸಹಿ ತಡಾ. ಮನಿಗೆಲಸದಾಕಿಗೆ ಒಂದು ಮನಿ ಹೋಗ್ತದ. ಮಸರು ಬಿಸಲಿಗೆ ಹುಳಿ ಆಗ್ತದ, ಅರ್ಧಾ ಬೆಲಿಗೆ ಕೊಡಬೇಕಾಗ್ತದ.

ಇದಕ್ಕ ದಾರಿ ಇಲ್ಲಂತಲ್ಲ. ನಮ್ಮ ಹುಬ್ಬಳ್ಳಿ–ಧಾರವಾಡಕ್ಕ 2018ರ ಅಕ್ಟೋಬರ್‌ದಾಗ ಚಿಗರಿ ಬಸ್ಸು ಬಂದ್ವು, 2020ರ ಫೆಬ್ರುವರಿ 2ಕ್ಕ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಬಂದು ವಿಧಿವತ್ತಾಗಿ ಉದ್ಘಾಟನೆ ಮಾಡಿದ್ರು. ಅವುಗಳ ಎಂಜಿನ್ನು ಹಿಂದ ಅದ. ನಿಲ್ದಾಣ ಎತ್ತರ ಇರೋದ್ರಿಂದ ಮೆಟ್ಟಲಾ ಹತ್ತೋ ತ್ರಾಸಿಲ್ಲ, ನಡುಮನಿಂದ ಪಡಸಾಲಿಗೆ ಬಂದಂಗ ಒಳಗ ಹೋಗೋದು. ಅಂದ್ರ ಒಲಿನ ಹಿತ್ತಲಕ್ಕ ಕಳಸ್ಲಿಕ್ಕೆ ಬರ್ತದ ಅನ್ನೋದು ನಾವು ಕಣ್ಣಾರೆ ಕಂಡೀವಿ. ಆದ್ರ ಅವು ಓಡೋದು ದೊಡ್ಡ ರಸ್ತೆ ಮ್ಯಾಲ.

ಹಂಗಂತ ಎ.ಸಿ. ಬಸ್ಸೇ ಎಲ್ಲಾದಕ್ಕೂ ಔಷಧ ಅನಬ್ಯಾಡ್ರಿ. ಎ.ಸಿ. ಬಸ್ಸಿಗೆ ಕಿಡಕಿ ಜಡದ ಬಿಟ್ಟಿರ್ತಾರ. ಯಾವ ಊರಿನದಿರಲಿ, ಯಾವ ಕಂಪನಿದಿರಲಿ, ವಯಸ್ಸಾಗಿ ಅದರ ಎ.ಸಿ. ಕೆಟ್ಟರ ಗಾಳಿಗೆ ದಾರಿನ ಇಲ್ಲ. ಹಳೇ ಕೆಂಪು ಬಸ್ಸಿನ್ಯಾಗ ಕಿಡಕಿ ಅರ್ಧರ ಸರಸ್ಲಿಕ್ಕೆ ಬರ್ತದ. ಹೊಸಾದಿದ್ದಾಗ ಎಲ್ಲಾ ಛಂದ, ಹಳೇದಾದಾಗ ಹೆಂಗ ಅನ್ನೋದನ್ನ ಹೊಸಾದು ತರೋವಾಗನ ವಿಚಾರ ಮಾಡಬೇಕು. ಸೊಸಿ ತರೋವಾಗ ಅಲ್ಲ, ಫ್ರಿಜ್ಜು ತರೋವಾಗ ನಾವು ಕೇಳತೀವಲ್ಲಾ, ಸರ್ವೀಸ್ ಎಲ್ಲೆ, ಗ್ಯಾರಂಟಿ ಎಷ್ಟು ಅಂತ, ಹಂಗ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮ್ಯಾಲ ನಮಗ ಸಾದಾ ಬಸ್ಸಿನ್ಯಾಗ ತಿಕೀಟಿನ ರೊಕ್ಕ ಇಲ್ಲ. ತವರಮನಿಗೆ ಹೋಗ್ಲಿಕ್ಕೆ ಗಂಡನ ಕೈ ನೋಡಬೇಕಾಗಿಲ್ಲ. ಇದು ಸಣ್ಣ ಮಾತಲ್ಲ, ಎಷ್ಟ ಮಂದಿ ಮೊದಲನೇ ಸಲಾ ಒಬ್ಬರ ಪ್ರಯಾಣ ಮಾಡ್ಯಾರ. ಆದ್ರ ಅಂದಿನಿಂದ ಒಂದು ಮಾತು ಕೇಳಲಿಕ್ಕೆ ಶುರುವಾಗೇದ: "ಪುಕ್ಕಟ ಹೋಗ್ತೀರಿ, ಸುಮ್ಮನ ಕೂಡ್ರಿ." ಪುಕ್ಕಟ ಅಲ್ರಿ ಅದು. ನಮ್ಮ ತಿಕೀಟಿನ ರೊಕ್ಕ ಸರಕಾರ ತುಂಬತದ, ಸರಕಾರದ ರೊಕ್ಕ ನಾವು ಉಪ್ಪು, ಸಾಬಾನು, ಸೀರಿ ಎಲ್ಲಾದಕ್ಕೂ ಕೊಟ್ಟದ್ದ. ಉಪ್ಪಿಗೆ ತೆರಿಗಿ ಇಲ್ಲಂತಾರ, ಹೋಗ್ಲಿ, ಉಪ್ಪು ಬಿಡ್ರಿ. ಉಳದದ್ದಕ್ಕ ಅದ. ಹಂಗಾಗಿ ಕೇಳೋ ಹಕ್ಕು ನಮಗ ಅದ.

ಕೇಳೋವಾಗ ಬರೇ "ಬಸ್ಸು ಸರಿ ಇಲ್ಲ" ಅಂದ್ರ ಯಾರೂ ಕಿವಿ ಮ್ಯಾಲ ಹಾಕ್ಕೊಳ್ಳಂಗಿಲ್ಲ. ಬಸ್ಸಿನ ನಂಬರು, ದಿನಾ, ವ್ಯಾಳ್ಯಾ, ಎಲ್ಲಿ ನಿಂತಿತು ಅನ್ನೋದು ಬರದು, ನಾಕ ಮಂದಿ ಸಹಿ ಮಾಡಿ ಡಿಪೋದಾಗ ಕೊಡಬೇಕು. ಬ್ಯಾಸಗಿ ಬರೂಕಿಂತಾ ಮೊದಲ, ಫೆಬ್ರುವರಿಯೊಳಗ ರೇಡಿಯೇಟರ್ ತೊಳಸ್ರಿ, ಬೆಲ್ಟು ಪೈಪು ಬದಲಿ ಮಾಡ್ರಿ ಅಂತ ಕೇಳಬೇಕು. ನಾವು ಉಪ್ಪಿನಕಾಯಿ ಭರಣಿ ಹಾಕೋಕಿಂತಾ ಮೊದಲ ತೊಳದು ಒಣಗಸಂಗಿಲ್ಲೇನು? ಹಳ್ಳಿ ದಾರಿಗೂ ಹೊಸಾ ಬಸ್ಸಿನ್ಯಾಗ ಪಾಲು ಕೊಡ್ರಿ ಅನ್ನಬೇಕು. ಹೊಸಾ ಬಸ್ಸು ಬರ್ತಾವ ಅಂತ ಪೇಪರಿನ್ಯಾಗ ಫೋಟೋ ಬಂದಾಗ ಬಣ್ಣಾ ನೋಡಬ್ಯಾಡ್ರಿ. ಎಂಜಿನ್ನು ಎಲ್ಲದ, ಕಿಡಕಿ ತಗೀಲಿಕ್ಕೆ ಬರ್ತದೋ ಇಲ್ಲೋ, ಮೆಟ್ಟಲಾ ಎಷ್ಟ ಎತ್ತರ ಅದ, ಇಷ್ಟ ಕೇಳ್ರಿ.

ಅಡಿಗಿಮನಿಗೆ ಹೊಗಿ ಹೋಗೋ ಚಿಮಣಿ ಬೇಕು ಅಂತ ನಮ್ಮ ಅಜ್ಜಿಯಂದ್ರು ಹಟಾ ಹಿಡದಾಗ, ಇಷ್ಟ ವರ್ಷ ಇಲ್ಲದ್ದು ಈಗ್ಯಾಕ ಅಂದಿದ್ರು ಗಂಡಸರು. ಚಿಮಣಿ ಆತು, ಆಮ್ಯಾಲ ಗ್ಯಾಸೂ ಬಂತು. ಬಸ್ಸಿನ್ಯಾಗಿನ ಒಲಿನೂ ಹಂಗ, ಅದರ ಮುಂದ ಕೂತವರು ಕೇಳಿದ್ರನ ಸರೀತದ.