ಮಗಳಿಗೆ ಐರಿಷ್ ಹೆಸರು ಇಡುವ ಆಸೆಯೇ? ಮೊದಲು ಕನ್ನಡ, ಮರಾಠಿಯಲ್ಲಿ ಕರೆದು ನೋಡಿ

ಪುಣೆ: ಸೀರ್ಶಾ, ನೀವ್, ಮೇವ್, ಓರ್ಲಾ... ಮಗುವಿನ ಹೆಸರು ಹುಡುಕಲು ಮೊಬೈಲ್ ತೆರೆದರೆ ಈಗ ಇಂಥ ಹೆಸರುಗಳೂ ಕಣ್ಣಿಗೆ ಬೀಳುತ್ತವೆ. ಚಿಕ್ಕದು, ಕೇಳಲು ಹೊಸದು, ತರಗತಿಯಲ್ಲಿ ಇನ್ನೊಬ್ಬರಿಗೆ ಇರುವುದಿಲ್ಲ. ಡಬ್ಲಿನ್‌ನಲ್ಲಿ ಕೆಲಸ ಮಾಡಿ ಬಂದವರಿಗೆ ಆ ನೆಲದ ನೆನಪೂ ಇರುತ್ತದೆ. ಆದರೆ ಪುಣೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬದಲ್ಲಿ ಆ ಮಗು ಮೂರು ಭಾಷೆಗಳ ನಡುವೆ ಬೆಳೆಯುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಒಂದೇ ಹೆಸರು ಈ ಮೂರರಲ್ಲೂ ನಿಲ್ಲಬೇಕು.

ಬರೆಯುವುದೊಂದು, ಓದುವುದೊಂದು

ಐರಿಷ್ ಹೆಸರುಗಳ ದೊಡ್ಡ ತೊಡಕು ಅವುಗಳ ಸ್ಪೆಲ್ಲಿಂಗ್. ಎಸ್-ಎ-ಒ-ಐ-ಆರ್-ಎಸ್-ಇ ಎಂದು ಬರೆದರೆ ಓದಬೇಕಾದ್ದು 'ಸೀರ್ಶಾ'. ನಟಿ ರೋನನ್ ತಮ್ಮ ಹೆಸರನ್ನು 'ಸರ್ಶಾ' ಎನ್ನುತ್ತಾರೆ, ಎರಡೂ ಸರಿಯೇ. ಎನ್-ಐ-ಎ-ಎಂ-ಎಚ್ ಎಂದರೆ 'ನೀವ್'. ಎ-ಒ-ಐ-ಎಫ್-ಇ ಎಂದರೆ 'ಈಫಾ'.

ಇದು ಮನಬಂದಂತೆ ಮಾಡಿದ್ದಲ್ಲ. ಐರಿಷ್ ಭಾಷೆಯ ಸಾಂಪ್ರದಾಯಿಕ ಅಕ್ಷರಮಾಲೆಯಲ್ಲಿ ಇರುವುದು 18 ಅಕ್ಷರ ಮಾತ್ರ, 'ವಿ' ಅದರಲ್ಲಿಲ್ಲ. ಹಾಗಾಗಿ ಬಿ ಅಥವಾ ಎಂ ಪಕ್ಕ ಎಚ್ ಬರೆದು 'ವ' ಸದ್ದು ತೋರಿಸುತ್ತಾರೆ. ಎಸ್ ಪಕ್ಕ ಐ ಅಥವಾ ಇ ಬಂದರೆ 'ಶ'. ಸ್ವರದ ಮೇಲೆ ಎಳೆಯುವ 'ಫಾದಾ' ಎಂಬ ಗೆರೆ ನಮ್ಮ ದೀರ್ಘದ ಹಾಗೆ, ಬಿಟ್ಟರೆ ಅರ್ಥವೇ ಬದಲಾಗುತ್ತದೆ. ಗೆರೆ ಇಲ್ಲದ 'ಫ್ಯಾರ್' ಎಂದರೆ ಗಂಡಸು, ಅದೇ ಅಕ್ಷರಗಳ ಮೇಲೆ ಗೆರೆ ಬಂದರೆ ಹುಲ್ಲು!

ಕನ್ನಡ ಮತ್ತು ದೇವನಾಗರಿಯಲ್ಲಿ ಈ ಕಷ್ಟವಿಲ್ಲ, ಕೇಳಿದಂತೆ ಬರೆದರಾಯಿತು. ಪೇಚು ಶುರುವಾಗುವುದು ಇಂಗ್ಲಿಷ್ ಅರ್ಜಿಯಲ್ಲಿ. ಮೂಲ ಸ್ಪೆಲ್ಲಿಂಗ್ ಉಳಿಸಿಕೊಂಡರೆ ಹಾಜರಿ ಕರೆಯುವ ಟೀಚರ್‌ನಿಂದ ಹಿಡಿದು ಬ್ಯಾಂಕಿನ ಗುಮಾಸ್ತರವರೆಗೆ ಎಲ್ಲರಿಗೂ ಮಗು ಪಾಠ ಹೇಳಬೇಕು. ಸರಳ ಸ್ಪೆಲ್ಲಿಂಗ್ ಬಳಸಿದರೆ ಐರ್ಲೆಂಡಿನವರಿಗೆ ಅದು ಅವರ ಹೆಸರು ಅನ್ನಿಸದೇ ಹೋಗಬಹುದು. ನಮ್ಮನ್ನು ಕೇಳಿದರೆ, ಪುಣೆಯಲ್ಲಿ ಬೆಳೆಯುವ ಮಗುವಿಗೆ ಸರಳವೇ ಒಳ್ಳೆಯದು.

ಅಜ್ಜಿಯ ಕಿವಿಗೆ ಏನು ಕೇಳಿಸುತ್ತದೆ?

ಸ್ಪೆಲ್ಲಿಂಗ್‌ಗಿಂತ ಮುಖ್ಯವಾದ ಪರೀಕ್ಷೆ ಇದು. ಯಾವ ಹೆಸರಿನ ಪಟ್ಟಿಯೂ ಇದನ್ನು ಹೇಳುವುದಿಲ್ಲ.

'ಕೀವಾ' ಹೆಸರನ್ನು ತೆಗೆದುಕೊಳ್ಳಿ. ಐರಿಷ್‌ನಲ್ಲಿ ಕೋಮಲೆ, ಚೆಲುವೆ ಎಂಬ ಮುದ್ದಾದ ಅರ್ಥ. ಕನ್ನಡದ ಕಿವಿಗೆ ಕೇಳಿಸುವುದು ಗಾಯದ ಕೀವು. ಮರಾಠಿಯಲ್ಲಿ 'ಕೀವ್' ಎಂದರೆ ಕನಿಕರ, ಅಯ್ಯೋ ಪಾಪ ಅನ್ನುತ್ತೇವಲ್ಲ, ಅದು. ಎರಡೂ ಕಡೆ ಸೋತ ಹೆಸರು. 'ಊನಾ' ಐರ್ಲೆಂಡಿನಲ್ಲಿ ಹಳೆಯ, ಗೌರವದ ಹೆಸರು, ನಮ್ಮಲ್ಲಿ ಊನ ಎಂದರೆ ಕೊರತೆ. ಮಗುವಿಗೆ ಇಡಲು ಮನಸ್ಸು ಬರುವುದಿಲ್ಲ.

'ಮೇವ್' ಕತೆ ಸ್ವಲ್ಪ ತಮಾಷೆಯದು. ಮೇವ್ ಐರಿಷ್ ಪುರಾಣಕಥೆಗಳಲ್ಲಿ ಕನಾಟ್ ಪ್ರಾಂತ್ಯದ ರಾಣಿ. ದೆಹಲಿಯ ಕನಾಟ್ ಪ್ಲೇಸ್‌ಗೆ ಹೆಸರು ಬಂದದ್ದು ಇದೇ ಪ್ರಾಂತ್ಯದ ಹೆಸರು ಹೊತ್ತ ಬ್ರಿಟಿಷ್ ಡ್ಯೂಕ್‌ನಿಂದ. ಗಂಡನಿಗಿಂತ ತನ್ನ ಬಳಿ ಒಂದು ಒಳ್ಳೆಯ ಗೂಳಿ ಕಡಿಮೆ ಇದೆ ಎಂದು ರಾಣಿ ಮೇವ್ ಯುದ್ಧಕ್ಕೇ ಹೊರಟಳು. ಗೂಳಿಗಾಗಿ ಕಾದಾಡಿದ ರಾಣಿಯ ಹೆಸರು ಕನ್ನಡದಲ್ಲಿ ದನದ ಮೇವು ಆಗುತ್ತದೆ! ಮರಾಠಿಯಲ್ಲಿ ಮಾತ್ರ 'ಮೇವಾ' ಎಂದರೆ ಒಣಹಣ್ಣು, ಸಿಹಿ ತಿನಿಸು. ಪುಣೆಯ ಪಕ್ಕದ ಮನೆಯವರು ಖುಷಿಪಡುತ್ತಾರೆ, ಹುಬ್ಬಳ್ಳಿಯ ಅಜ್ಜ ನಗುತ್ತಾರೆ.

'ನೀವ್' ಎಂದರೆ ಹೊಳಪು, ಕಾಂತಿ. ಆದರೆ ಕನ್ನಡ ಮನೆಯಲ್ಲಿ ಮಗಳನ್ನು 'ನೀವ್, ಬಾ' ಎಂದು ಕರೆದಾಗ ಬಹುವಚನಕ್ಕೆ ಏಕವಚನದ ಬಾಲ ಅಂಟಿಸಿದಂತಾಗುತ್ತದೆ. ಇದೇನೂ ದೊಡ್ಡ ದೋಷವಲ್ಲ. 'ಶಿವಾನ್' ಇಂಗ್ಲಿಷಿನ ಜೋನ್ ಹೆಸರಿನ ಐರಿಷ್ ರೂಪ. ಕನ್ನಡಿಗರಿಗೆ ಶಿವ ನೆನಪಾಗುತ್ತಾನೆ, ಮರಾಠಿಗರಿಗೆ 'ಶಿವಣ್', ಅಂದರೆ ಹೊಲಿಗೆ.

'ನೂಲಾ' ನಮಗೆ ಬಹಳ ಹಿಡಿಸಿತು. ಫಿನೂಲಾ ಎಂಬ ಉದ್ದ ಹೆಸರಿನ ಮೊಟಕು ರೂಪವಿದು. ಕನ್ನಡದಲ್ಲಿ ನೂಲು ಎಂಬ ನೆನಪು ಬರುತ್ತದೆ, ಅದರಲ್ಲಿ ಕೆಟ್ಟದ್ದೇನಿದೆ?

ಎರಡೂ ಕಡೆ ಸಲ್ಲುವ ಹೆಸರುಗಳು

ಹುಡುಕಿದರೆ ನಮ್ಮದೂ ಅವರದೂ ಆದ ಹೆಸರುಗಳು ಸಿಗುತ್ತವೆ. ಎಲ್ಲಕ್ಕಿಂತ ಸುಲಭ ಶೀಲಾ. ಐರಿಷ್‌ನಲ್ಲಿ ಅದು ಸಿಸಿಲಿಯಾ ಹೆಸರಿನ ರೂಪ, ನಮ್ಮಲ್ಲಿ ಒಳ್ಳೆಯ ನಡತೆ. ಮೂಲ ಬೇರೆ ಬೇರೆ, ಸದ್ದು ಒಂದೇ. ಹಳೆಯ ಕಾಲದ ಹೆಸರು ಎನ್ನುವಿರಾದರೆ ತಾರಾ ಇದೆ. ಐರ್ಲೆಂಡಿನ ಮೀಥ್ ಕೌಂಟಿಯಲ್ಲಿ ಪ್ರಾಚೀನ ರಾಜರ ಪೀಠವೆನಿಸಿದ ತಾರಾ ಬೆಟ್ಟವಿದೆ, ಅದರಿಂದಲೇ ಅಲ್ಲಿನ ಹೆಣ್ಣುಮಕ್ಕಳ ಹೆಸರು ಬಂತು. ನೋರಾ, ಓರ್ಲಾ ಕೂಡ ನಮ್ಮ ನಾಲಗೆಗೆ ತೊಡರುವುದಿಲ್ಲ.

ಬ್ರಿಜಿಡ್ ಹೆಸರು ಇಲ್ಲಿ ಯಾರೂ ಇಡಲಾರರು. ಆದರೂ ತಿಳಿದಿರಲಿ, ಭಾಷಾಶಾಸ್ತ್ರಜ್ಞರ ಪ್ರಕಾರ ಅದು ಸಂಸ್ಕೃತದ 'ಬೃಹತೀ' ಪದದ ದೂರದ ಬಂಧು. ಆ ಸಂತೆಯ ಹಬ್ಬಕ್ಕೆ 2023ರಿಂದ ಐರ್ಲೆಂಡಿನಲ್ಲಿ ಸರ್ಕಾರಿ ರಜೆಯೂ ಇದೆ.

ಕಿಯಾರಾ ವಿಷಯದಲ್ಲಿ ಎಚ್ಚರ ಬೇಕು. ನಟಿ ಕಿಯಾರಾ ಅಡ್ವಾಣಿ ಬಂದ ಮೇಲೆ ಈ ಹೆಸರು ನಮ್ಮಲ್ಲಿ ಮನೆಮಾತಾಯಿತು. ಸಿ ಅಕ್ಷರದಿಂದ ಬರೆಯುವ ಐರಿಷ್ ಹೆಸರಿನ ಉಚ್ಚಾರ 'ಕೀರಾ', ಮೂಲ ಅರ್ಥ ಕಪ್ಪು. ಇಟಲಿಯ 'ಕ್ಯಾರಾ' ಹೆಸರಿಗೆ ಬೆಳಕು, ತಿಳಿ ಎಂಬ ಅರ್ಥ. ಜಾಲತಾಣದ ಪಟ್ಟಿಗಳು ಎರಡನ್ನೂ ಕಲಸಿಬಿಟ್ಟಿವೆ. ಇನ್ನು ಕೀರಾ ಎಂದೇ ಇಟ್ಟರೆ ನಮ್ಮಲ್ಲಿ ಕೀರ ಎಂದರೆ ಗಿಳಿ, ಮರಾಠಿಯಲ್ಲೂ ಅದೇ. ಫಿಯೋನಾ ಐರಿಷ್ ಎಂದು ಹೇಳುವ ಪಟ್ಟಿಗಳನ್ನೂ ನಂಬಬೇಡಿ. ಅದನ್ನು ಬಳಕೆಗೆ ತಂದದ್ದು 18ನೇ ಶತಮಾನದ ಸ್ಕಾಟ್ಲೆಂಡಿನ ಕವಿ ಜೇಮ್ಸ್ ಮ್ಯಾಕ್‌ಫರ್ಸನ್.

ಅರ್ಥ ಇಷ್ಟವಾದರೆ ಅರ್ಥವನ್ನೇ ತನ್ನಿ

ಪುಣೆಗೂ ಐರ್ಲೆಂಡಿಗೂ ಹಳೆಯ ನಂಟೊಂದಿದೆ. ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಭೆ 1927ರ ಜನವರಿಯಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ನಡೆಯಿತು. ಅದರ ಹಿಂದಿದ್ದವರು ರಾಸ್‌ಕಾಮನ್ ಕೌಂಟಿಯಲ್ಲಿ ಹುಟ್ಟಿದ ಮಾರ್ಗರೆಟ್ ಕಸಿನ್ಸ್. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಚುನಾವಣೆಗೆ ನಿಲ್ಲಲು ಹುರಿದುಂಬಿಸಿದವರೂ ಅವರೇ. ಅವರ ಪತಿ, ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕನ್ನಡಿಗರು ಮರೆಯುವಂತಿಲ್ಲ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು ಅವರಿಗೆ, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿದವರು ಅವರು.

ಆ ಸಲಹೆ ಹೆಸರಿಗೂ ಹೊಂದುತ್ತದೆ. ಸೀರ್ಶಾ ಎಂದರೆ ಸ್ವಾತಂತ್ರ್ಯ. ನಿಮಗೆ ಇಷ್ಟವಾದದ್ದು ಆ ಅರ್ಥವಾದರೆ 'ಮುಕ್ತಾ' ಇದೆ. ಕನ್ನಡದಲ್ಲಿ ವಚನಕಾರ್ತಿ ಮುಕ್ತಾಯಕ್ಕ, ಮರಾಠಿಯಲ್ಲಿ ಸಂತ ಜ್ಞಾನೇಶ್ವರರ ತಂಗಿ ಮುಕ್ತಾಬಾಯಿ. ಪುಣೆಯಲ್ಲಿ ಯಾರೂ ಎರಡನೇ ಸಲ ಹೆಸರು ಕೇಳುವುದಿಲ್ಲ. ಮುಕ್ತಾ ಎಂದರೆ ಮುತ್ತು ಎಂಬ ಅರ್ಥವೂ ಇದೆ, ಗ್ರೀಕ್ ಮೂಲದ ಮಾರ್ಗರೆಟ್ ಹೆಸರಿನ ಅರ್ಥವೂ ಮುತ್ತೇ. ಐರ್ಲೆಂಡಿನ ಡಂಗ್ಯಾನನ್‌ನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್ ಅವರಿಗೆ 1898ರಲ್ಲಿ ವಿವೇಕಾನಂದರು ನಿವೇದಿತಾ ಎಂದು ಹೊಸ ಹೆಸರನ್ನೇ ಕೊಟ್ಟರು.

ಪುಣೆಯಲ್ಲಿ ನೋಂದಣಿ ಹೇಗೆ?

ಹೆಸರು ಪಕ್ಕಾ ಆಗಿಲ್ಲವೆಂದು ಗಾಬರಿ ಬೇಡ. ಜನನವನ್ನು 21 ದಿನಗಳೊಳಗೆ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಬೇಕು, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡವಾದ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವಿದೆ. ಮಹಾರಾಷ್ಟ್ರದಲ್ಲಿ 12ನೇ ದಿನ 'ಬಾರ್ಸೆ' ಮಾಡಿ ತೊಟ್ಟಿಲಲ್ಲಿ ಹೆಸರಿಡುತ್ತಾರೆ. ತೊಟ್ಟಿಲಿಗೆ ಒಂದು ಹೆಸರು, ದಾಖಲೆಗೆ ಒಂದು ಎಂದರೂ ನಡೆಯುತ್ತದೆ.

ದಾಖಲೆಯ ಹೆಸರಿನಲ್ಲಿ ಮಾತ್ರ ತಪ್ಪಬಾರದು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಪುಣೆಯ ಪ್ರಮಾಣಪತ್ರದಲ್ಲಿ ಹೆಸರು ಮರಾಠಿ ಮತ್ತು ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿಕೊಂಡು ಯಾರಾದರೂ ಮರಾಠಿಯಲ್ಲಿ ಬರೆದರೆ ನೀವ್ ಎಂಬ ಹೆಸರು 'ನಿಯಾಮ್ಹ' ಆಗಿಬಿಡಬಹುದು. ಎರಡೂ ಲಿಪಿಯಲ್ಲಿ ಹೇಗೆ ಬರೆಯಬೇಕೆಂದು ನೀವೇ ಅಚ್ಚುಕಟ್ಟಾಗಿ ಬರೆದು ಕೊಡಿ, ಮುದ್ರಿಸುವ ಮೊದಲು ಓದಿ ನೋಡಿ. ಫಾದಾ ಗೆರೆಯ ಆಸೆ ಬಿಡಿ, ಪಾಸ್‌ಪೋರ್ಟಿನಲ್ಲಿ ಅದು ಬರುವುದಿಲ್ಲ.

ಇನ್ನೊಂದು ಸಂಗತಿ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು ಎಂಬ ಕ್ರಮವಿದೆ. ಇನಿಷಿಯಲ್ ಬಳಸುವ ಕನ್ನಡಿಗರು ಊರಿನ ಹೆಸರೋ ಮನೆತನದ ಹೆಸರೋ, ಅಡ್ಡಹೆಸರಿನ ಜಾಗದಲ್ಲಿ ಏನು ಬರೆಯಬೇಕೆಂದು ಮೊದಲೇ ಮಾತಾಡಿಕೊಳ್ಳಿ. ಆ ನಾಲ್ಕನ್ನೂ ಒಟ್ಟಿಗೆ ಓದಿದಾಗ ನೂಲಾ ಚೆನ್ನಾಗಿ ಕೇಳುತ್ತದೋ, ಶೀಲಾ ಚೆನ್ನಾಗಿ ಕೇಳುತ್ತದೋ ಎಂಬುದು ಆಗ ಗೊತ್ತಾಗುತ್ತದೆ.