ಪಾಲಾರ್ ಸುತ್ತಿನ ಕಾಡು: ಶಿಕಾರಿಯಿಂದ ವನ್ಯಧಾಮದವರೆಗೆ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆ ಇಳಿಯುವ ರಸ್ತೆ ಪಾಲಾರ್‌ನಲ್ಲಿ ರಾಜ್ಯದ ಗಡಿ ಮುಟ್ಟುತ್ತದೆ. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ನದಿಯೇ ಬೇರೆ. ಇಲ್ಲಿನದು ಬೆಟ್ಟಗಳ ನಡುವೆ ಹರಿದು ಕಾವೇರಿ ಸೇರುವ ಹೊಳೆ. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ, ಉತ್ತರಕ್ಕೆ ಕಾವೇರಿ ವನ್ಯಧಾಮ, ದಕ್ಷಿಣಕ್ಕೆ ಬರಗೂರು ಬೆಟ್ಟ, ಅದರಾಚೆ ಸತ್ಯಮಂಗಲ. ಇವೆಲ್ಲದರ ನಡುವೆ ಆನೆ, ಹುಲಿ ಓಡಾಡಲು ಈ ಕಾಡು ಬೇಕೇ ಬೇಕು. ಇಲ್ಲಿ ಕಾಡಿಗೆ ಗಡಿ ಬರೆಯುವ ಕೆಲಸ ಬಹಳ ಮುಂದೆ ಹೋಗಿದೆ. ಕಾಡಂಚಿನ ಜನರೊಂದಿಗಿನ ಲೆಕ್ಕ ಮಾತ್ರ ಇತ್ಯರ್ಥವಾಗಿಲ್ಲ.

1956ರವರೆಗೆ ಈ ಕಾಡು ಸೇರಿದ್ದ ಕೊಳ್ಳೇಗಾಲ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಲ್ಲಿನ ಕಾಡುಗಳಿಗೆ 1882ರ ಮದ್ರಾಸ್ ಅರಣ್ಯ ಕಾಯ್ದೆಯೇ ಅನ್ವಯ. ಸರ್ಕಾರದ ಕಣ್ಣಿದ್ದದ್ದು ಮರಮುಟ್ಟು, ಗಂಧದ ಮೇಲೆ. ಮೃಗಗಳೆಂದರೆ ಶಿಕಾರಿ, ಇಲ್ಲವೇ ಆನೆ ಹಿಡಿಯುವ ಖೆಡ್ಡಾ. ಜಿ.ಪಿ. ಸ್ಯಾಂಡರ್‌ಸನ್ 1874ರಲ್ಲಿ ಚಾಮರಾಜನಗರದ ಬಳಿ ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ. 1878ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಈ ಸೀಮೆಯ ಪ್ರಾಣಿಗಳ ಮೊದಲ ವಿವರವಾದ ದಾಖಲೆಗಳಲ್ಲೊಂದು. ಬಿಳಿಗಿರಿಯ ಕಾಫಿ ಬೆಳೆಗಾರ ಆರ್.ಸಿ. ಮಾರಿಸ್ ಬೇಟೆಗಾರನೂ ಹೌದು, ಪ್ರಾಣಿಗಳ ನಡವಳಿಕೆಯನ್ನು ಗಮನವಿಟ್ಟು ನೋಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಬರೆದವನೂ ಹೌದು. ಇಂಥವರಿಗೆ ಜಾಡು ತೋರಿಸಿದ, ಈ ಕಾಡಿನ ಆದಿವಾಸಿಗಳಾದ ಸೋಲಿಗರ ತಿಳಿವಳಿಕೆ ಪುಸ್ತಕ ಸೇರುವುದಕ್ಕೆ ಇನ್ನೂ ನೂರು ವರ್ಷ ಹಿಡಿಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬೆನ್ನಿಗೇ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಸೋಲಿಗರ ಹಾಡಿಗಳಾದ ಪೋಡುಗಳು ಜಾಗ ಬದಲಿಸಿದವು, ಬೇಟೆ ನಿಂತಿತು, ಕಾಡಿಗೆ ಬೆಂಕಿ ಇಡುವುದೂ ನಿಂತಿತು. ಆಫ್ರಿಕಾದ ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1959ರ ಹೊತ್ತಿಗೆ ಮಸಾಯಿ ದನಗಾಹಿಗಳನ್ನು ಹೊರಗೆ ಕಳಿಸಿತ್ತು. ಕಾಡು ಬೇರೆ, ಜನ ಬೇರೆ ಎಂಬ ಆ ನಂಬಿಕೆಯೇ ಇಲ್ಲಿಗೂ ಬಂದಿತ್ತು.

ಆ ಬೆಂಕಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಸೋಲಿಗರ ತರಗು ಬೆಂಕಿ ಬೇಸಿಗೆ ಬಲಿಯುವ ಮೊದಲೇ ಇಡುವಂಥದ್ದು. ಉದುರಿದ ಎಲೆ, ಒಣ ಹುಲ್ಲು ನೆಲಮಟ್ಟದಲ್ಲೇ ಉರಿದು ಆರುತ್ತಿತ್ತು; ದೊಡ್ಡ ಮರಗಳಿಗೆ ಪೆಟ್ಟಾಗುತ್ತಿರಲಿಲ್ಲ. ಲಂಟಾನದ ಎಳೆ ಸಸಿ ಸುಟ್ಟುಹೋಗುತ್ತಿತ್ತು, ನೆಲ್ಲಿ ಮರ ಹೀರುವ ಉಪ್ಪಿಲು ಎಂಬ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಸೋಲಿಗರ ಹಿರಿಯರು ಹೇಳುತ್ತ ಬಂದಿದ್ದಾರೆ. ಬೆಂಕಿ ನಿಂತ ಮೇಲೆ ಲಂಟಾನ ಆಳೆತ್ತರ ಹಬ್ಬಿ ಹುಲ್ಲನ್ನು ನುಂಗಿತು. ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನಕ್ಕೆ ಇಳಿದರು. ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಲದ ತುಂಬ ಹುಲ್ಲು, ಅಲ್ಲಲ್ಲಿ ಮರ ಇರುವ ಏಷ್ಯಾದ ಇಂಥ ಒಣಕಾಡುಗಳು ಹಾಳಾದ ದಟ್ಟಾರಣ್ಯಗಳಲ್ಲ, ಆಫ್ರಿಕಾದಲ್ಲಿರುವಂಥದೇ ಸವನ್ನಾಗಳು ಎಂದರು. ಬೆಂಕಿಯೂ ಮೇಯುವಿಕೆಯೂ ಅವುಗಳ ಬದುಕಿನ ಭಾಗ. ಈ ಕಾಡಿನ ಬಗ್ಗೆ ಇಷ್ಟು ವರ್ಷಗಳಲ್ಲಿ ಮೂಡಿದ ತಿಳಿವಳಿಕೆಯಲ್ಲಿ ನನಗೆ ಅತಿ ಮುಖ್ಯವೆನಿಸುವುದು ಇದೇ.

ಪಾಲಾರ್ ಕಡೆಗೆ ಇಂಥ ಅಧ್ಯಯನ ಬರುವುದು ದಂತಗಳ್ಳ ವೀರಪ್ಪನ್‌ನಿಂದಾಗಿ ತಡವಾಯಿತು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ. 1993ರ ಏಪ್ರಿಲ್ 9ರಂದು ಅವನ ಗುಂಪು ಪಾಲಾರ್ ಬಳಿ ಇಟ್ಟ ನೆಲಬಾಂಬಿಗೆ 22 ಜನ ಬಲಿಯಾದರು. 2004ರಲ್ಲಿ ಅವನು ಸಾಯುವವರೆಗೂ ಈ ಕಾಡಿಗೆ ಕಾಲಿಡಲು ಜನ ಹೆದರುತ್ತಿದ್ದರು. ನಮ್ಮ ಆನೆಗಳಲ್ಲಿ ದಂತ ಇರುವುದು ಗಂಡಿಗೆ ಮಾತ್ರ. ಹೀಗಾಗಿ ದಂತಬೇಟೆ ಆನೆಗಳ ಸಂಖ್ಯೆಯನ್ನಷ್ಟೇ ಅಲ್ಲ, ಗಂಡು ಹೆಣ್ಣಿನ ಪ್ರಮಾಣವನ್ನೇ ಕೆಡಿಸಿತು. ದಕ್ಷಿಣದ ಆನೆಗಳ ಬಗ್ಗೆ ರಾಮನ್ ಸುಕುಮಾರ್ ಮಾಡಿದ ಅಧ್ಯಯನದಲ್ಲೂ ಇದು ಕಾಣುತ್ತದೆ.

ಆಮೇಲೆ ಅಧಿಸೂಚನೆಗಳು ಒಂದರ ಹಿಂದೊಂದು ಬಂದವು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1987ರಲ್ಲಿ ಘೋಷಣೆಯಾಗಿದ್ದ ಕಾವೇರಿ ವನ್ಯಧಾಮ ಹಿಗ್ಗಿ ಸಾವಿರ ಚದರ ಕಿ.ಮೀ. ದಾಟಿತು. 2013ರಲ್ಲಿ 906 ಚದರ ಕಿ.ಮೀ.ಯ ಮಲೆ ಮಹದೇಶ್ವರ ವನ್ಯಧಾಮ ಹುಟ್ಟಿತು. ಹೊಳೆಯಾಚೆ ತಮಿಳುನಾಡು ಕೂಡ 2022ರಲ್ಲಿ ಕಾವೇರಿ ದಕ್ಷಿಣ, 2024ರಲ್ಲಿ ಬರಗೂರು ಬೆಟ್ಟಗಳ ತಂದೈ ಪೆರಿಯಾರ್ ವನ್ಯಧಾಮಗಳನ್ನು ಘೋಷಿಸಿತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರ ಕ್ಯಾಮೆರಾಗಳಲ್ಲಿ ಹುಲಿ, ಚಿರತೆಗಳ ಜೊತೆ ಕಾವೇರಿ ಕಾಡಿನ ತರಕರಡಿಯೂ ಸೆರೆಯಾಯಿತು. ಹೊಳೆದಂಡೆಯ ಮತ್ತಿ ಮರಗಳಲ್ಲಿ ಬೂದು ಬಣ್ಣದ ದೊಡ್ಡ ಅಳಿಲು ವಾಸಿಸುತ್ತದೆ. ಕೊಂಬೆಯಿಂದ ಕೊಂಬೆಗೆ ಜಿಗಿದೇ ಸಾಗುವ ಈ ಪ್ರಾಣಿಗೆ ದಡದ ಮರಗಳ ಸಾಲು ಕಡಿದರೆ ದಾರಿಯೇ ಇರುವುದಿಲ್ಲ.

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ತಾಯಿ ಮರಿಗಳನ್ನು ಕರೆತಂದು ತಿನ್ನಿಸುವ ಜಾಗವೇ ಅದು. ಹಾಗಾಗಿ ಒಂದೂ ಉಳಿಯಲಿಲ್ಲ. ಹುಲಿಯನ್ನೇರಿದ ಮಾದಪ್ಪನ, ಅಂದರೆ ಮಹದೇಶ್ವರನ ನಾಡಿನಲ್ಲೇ ಹೀಗಾದದ್ದು ಸಹಿಸಲಾಗದ ನೋವು. ಕಾಡು ಕಾಯುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬುದೂ ಆಗಲೇ ಬಯಲಿಗೆ ಬಂತು. ಮುಂದಿನ ತಿಂಗಳೇ ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವ ಮಾತು ಸರ್ಕಾರದಿಂದ ಬಂದಿತು. ದೊಡ್ಡಿ ಕಟ್ಟಿ ದನ ಸಾಕಿ ಬದುಕುವವರು ಕಂಗಾಲಾದರು.

ಮಲೆ ಮಹದೇಶ್ವರವನ್ನು ಹುಲಿ ಸಂರಕ್ಷಿತ ಪ್ರದೇಶವಾಗಿಸಲು ಕೇಂದ್ರದ ತಾತ್ವಿಕ ಒಪ್ಪಿಗೆ ಸಿಕ್ಕಿ ವರ್ಷಗಳಾಗಿವೆ; ಹನೂರು ಭಾಗದ ಊರುಗಳ ವಿರೋಧವೂ ಅಷ್ಟೇ ಹಳೆಯದು. ಬಿಳಿಗಿರಿಯ ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ದಕ್ಕಿದೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅದು ದೇಶದಲ್ಲೇ ಮೊದಲು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಗ್ರಾಮಸಭೆ ಒಪ್ಪದೆ ಯಾರನ್ನೂ ಎಬ್ಬಿಸುವಂತಿಲ್ಲ. ಆ ಸಭೆಗೆ ಹೋಗುವ ಅಧಿಕಾರಿ ಮೊದಲು ಉತ್ತರಿಸಬೇಕಾದ ಪ್ರಶ್ನೆ ಮೇವಿನದು, ಹುಲಿ ಹಿಡಿದ ಹಸುವಿಗೆ ಎಷ್ಟು ದಿನದಲ್ಲಿ ಎಷ್ಟು ಹಣ ಕೈಸೇರುತ್ತದೆ ಎಂಬುದು.